ನೇವಿಯರ್-ಸ್ಟೋಕ್ಸ್: ಬಾಕಿ ಉಳಿದಿರುವುದು ಯಾವ ಪ್ರಶ್ನೆ?

ಮಾನ್ಯ ಸಂಪಾದಕರೇ,

ದ್ರವಗಳ ಚಲನೆಯನ್ನು ವಿವರಿಸುವ ನೇವಿಯರ್-ಸ್ಟೋಕ್ಸ್ ಸಮೀಕರಣಗಳ ಬಗ್ಗೆ ಎರಡು ಮಾತು ಪದೇ ಪದೇ ಅಚ್ಚಾಗುತ್ತವೆ. ‘ಇವನ್ನು ಬಿಡಿಸಲು ಯಾರಿಂದಲೂ ಆಗಿಲ್ಲ’ ಎಂಬುದು ಒಂದು. ‘ಕಂಪ್ಯೂಟರ್ ದಿನವೂ ಬಿಡಿಸುತ್ತಿದೆಯಲ್ಲ’ ಎಂಬುದು ಇನ್ನೊಂದು. ಎರಡರಿಂದಲೂ ಓದುಗರಿಗೆ ಅಸಲು ಪ್ರಶ್ನೆ ತಲುಪುವುದಿಲ್ಲ.

ನೇವಿಯರ್ 1822ರಲ್ಲಿ ಮಂಡಿಸಿ, ಸ್ಟೋಕ್ಸ್ 1845ರಲ್ಲಿ ಗಟ್ಟಿ ತಳಹದಿ ಕೊಟ್ಟ ಈ ಸಮೀಕರಣಗಳಿಗೆ ಸರಳ ಸಂದರ್ಭಗಳಲ್ಲಿ ಸೂತ್ರವೇ ಇದೆ. ದುಂಡು ಕೊಳವೆಯಲ್ಲಿ ಶಾಂತವಾಗಿ ಹರಿಯುವ ನೀರಿನ ಪ್ರಮಾಣ ತ್ರಿಜ್ಯದ ನಾಲ್ಕನೇ ಘಾತವನ್ನು ಅನುಸರಿಸುತ್ತದೆ. ಒತ್ತಡವನ್ನು ಹಾಗೇ ಇಟ್ಟು ತ್ರಿಜ್ಯವನ್ನು ಅರ್ಧ ಮಾಡಿದರೆ ಹರಿವು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ರೆನಾಲ್ಡ್ಸ್ ಸಂಖ್ಯೆ (ಹರಿವಿನ ರಭಸಕ್ಕೆ ಹೋಲಿಸಿದರೆ ದ್ರವದ ಸ್ನಿಗ್ಧತೆ ಎಷ್ಟು ದುರ್ಬಲ ಎಂಬುದರ ಅಳತೆ) ಸುಮಾರು 2,000 ದಾಟಿದ ಮೇಲೆ ಸಾಮಾನ್ಯವಾಗಿ ಈ ಲೆಕ್ಕ ಕೈಕೊಡುತ್ತದೆ. ಸೂತ್ರ ಆಗಲೂ ಸಮೀಕರಣಕ್ಕೆ ಹೊಂದುತ್ತದೆ, ಆದರೆ ಕೊಳವೆಯ ಬಾಯಲ್ಲಿ ಎದ್ದ ಅಲುಗಾಟ ಅಡಗದೆ ಬೆಳೆದು ಹರಿವೆಲ್ಲ ಸುಳಿಯಾಗುತ್ತದೆ.

ಅಲ್ಲಿಂದ ಮುಂದೆ ಕಂಪ್ಯೂಟರ್. ಪ್ರತಿ ಸುಳಿಯನ್ನೂ ಹಿಡಿಯಲು ಹರಿವಿನೊಳಗೆ ಲೆಕ್ಕ ಹಾಕಬೇಕಾದ ಬಿಂದುಗಳು ರೆನಾಲ್ಡ್ಸ್ ಸಂಖ್ಯೆಯ 9/4ನೇ ಘಾತದಂತೆ ಏರುತ್ತವೆ. ಸಂಖ್ಯೆ 10 ಲಕ್ಷವಾದರೆ ಸುಮಾರು 30 ಲಕ್ಷ ಕೋಟಿ ಬಿಂದು! ಹಾಗಾಗಿ ಎಂಜಿನಿಯರುಗಳು ಸಣ್ಣ ಸುಳಿಗಳನ್ನು ಮಾದರಿಗಳಿಂದ ಅಂದಾಜಿಸುತ್ತಾರೆ. ಹರಿವು ಗೋಡೆ ಬಿಟ್ಟು ಬೇರ್ಪಡುವ ಕಡೆ ಆ ಅಂದಾಜು ಹೆಚ್ಚಾಗಿ ತಪ್ಪುತ್ತದೆ.

ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ರಲ್ಲಿ 10 ಲಕ್ಷ ಡಾಲರ್ ಬಹುಮಾನ ಇಟ್ಟ ಪ್ರಶ್ನೆಯೇ ಬೇರೆ. ಮೂರು ಆಯಾಮಗಳಲ್ಲಿ ನಯವಾಗಿ, ಅಂದರೆ ವೇಗದಲ್ಲಿ ಎಲ್ಲೂ ಹಠಾತ್ ಜಿಗಿತವಿಲ್ಲದೆ, ಆರಂಭವಾದ ಹರಿವು ಎಂದೆಂದಿಗೂ ನಯವಾಗಿಯೇ ಇರುತ್ತದೆಯೇ, ಅಥವಾ ಎಲ್ಲೋ ಒಂದೆಡೆ ವೇಗ ಮಿತಿಮೀರಿ ಅನಂತಕ್ಕೆ ಹೋಗಬಹುದೇ? ಎರಡು ಆಯಾಮಗಳಲ್ಲಿ ಇದು ಇತ್ಯರ್ಥವಾಗಿದೆ. ಮೂರರಲ್ಲಿ ಫ್ರೆಂಚ್ ಗಣಿತಜ್ಞ ಲೆರೇ 1934ರಲ್ಲೇ ‘ದುರ್ಬಲ’ ಪರಿಹಾರಗಳು, ಅಂದರೆ ಸಮೀಕರಣವನ್ನು ಸರಾಸರಿಯ ಅರ್ಥದಲ್ಲಷ್ಟೇ ಪಾಲಿಸುವಂಥವು, ಇವೆಯೆಂದು ಸಾಧಿಸಿದರು. ಅವು ನಯವೇ ಎಂಬುದು ಮಾತ್ರ ಹಾಗೇ ಉಳಿದಿದೆ.

ತೊಡಕು ಎಲ್ಲಿದೆ? ಒಂದು ಸುಳಿಯ ಅಳತೆಯನ್ನು ಎಲ್ಲ ದಿಕ್ಕಿನಲ್ಲೂ ಅರ್ಧಕ್ಕೆ ಇಳಿಸಿ, ವೇಗವನ್ನು ಇಮ್ಮಡಿ ಮಾಡಿ, ಕಾಲವನ್ನು ಕಾಲು ಭಾಗಕ್ಕೆ ಕುಗ್ಗಿಸಿ. ಅದೂ ಇದೇ ಸಮೀಕರಣದ ಪರಿಹಾರವೇ. ವೇಗದ ವರ್ಗ ನಾಲ್ಕು ಪಟ್ಟು, ಗಾತ್ರ ಎಂಟರಲ್ಲೊಂದು. ಅಂದರೆ ಶಕ್ತಿ ಅರ್ಧ ಸಾಕು. ಸುಳಿ ಕಿರಿದಾದಷ್ಟೂ ಹೆಚ್ಚು ವೇಗ, ಕಡಿಮೆ ಶಕ್ತಿ. ಹಾಗಾಗಿ ಒಟ್ಟು ಶಕ್ತಿ ಹೆಚ್ಚುವುದಿಲ್ಲ ಎಂಬ ನಿಯಮವೊಂದೇ ವೇಗ ಅನಂತಕ್ಕೆ ಹೋಗುವುದನ್ನು ತಡೆಯಲಾರದು. ಕಂಪ್ಯೂಟರೂ ಇಲ್ಲಿ ತೀರ್ಪು ಕೊಡಲಾರದು, ಬಿಂದುಗಳ ನಡುವಿನ ಅಂತರಕ್ಕಿಂತ ಕಿರಿದಾದದ್ದು ಅದರ ಕಣ್ಣಿಗೆ ಬೀಳುವುದಿಲ್ಲ.

ಗಣಿತಜ್ಞ ಟೆರೆನ್ಸ್ ಟಾವ್ 2016ರಲ್ಲಿ ಪ್ರಕಟಿಸಿದ ಫಲಿತಾಂಶ ಇಲ್ಲಿ ಬಹಳ ಉಪಯುಕ್ತ. ಶಕ್ತಿಯ ಅದೇ ನಿಯಮ ಪಾಲಿಸುವ, ಆದರೆ ತುಸು ಮಾರ್ಪಡಿಸಿದ ಸಮೀಕರಣದಲ್ಲಿ ವೇಗ ನಿಜಕ್ಕೂ ಅನಂತಕ್ಕೆ ಸ್ಫೋಟಿಸಬಹುದು ಎಂದು ಅವರು ತೋರಿಸಿದರು. ‘ಹರಿವು ಸದಾ ನಯ ಎಂದು ಸಾಧಿಸಿದ್ದೇವೆ’ ಎಂಬ ಹೇಳಿಕೆ ಪತ್ರಿಕಾಲಯಕ್ಕೆ ಬಂದಾಗ, ದಯವಿಟ್ಟು ತಜ್ಞರಲ್ಲಿ ಮೊದಲು ಇದನ್ನೇ ಕೇಳಿ: ಈ ವಾದ ಟಾವ್ ಅವರ ಸಮೀಕರಣಕ್ಕೂ ಹಾಗೆಯೇ ಒಪ್ಪುತ್ತದೆಯೇ? ಒಪ್ಪುವುದಾದರೆ, ವೇಗ ಸ್ಫೋಟಿಸುವ ಸಮೀಕರಣವನ್ನೂ ಸದಾ ನಯವೆಂದು ಸಾಧಿಸಿದಂತಾಗುತ್ತದೆ. ಅಂದರೆ ಆ ವಾದದಲ್ಲಿ ದೋಷವಿದೆ.

– ಗಣಿತ ಅಧ್ಯಾಪಕ