ಹಾಡೆಲ್ಲಿ ಉಂಟು ಎಂದು ಕೇಳಿದ್ದೆಯಲ್ಲ

ಮೈಸೂರು
ಅಕ್ಟೋಬರ್ 11

ಪ್ರೀತಿಯ ಸದಾಶಿವ,

ಚೌತಿಗೆ ನೀನು ಬಂದಿದ್ದಾಗ ಊಟ ಮುಗಿಸಿ ಜಗಲಿಯಲ್ಲಿ ಕೂತು, ಒಂದೇ ಹಾಡಿನ ಏಳೆಂಟು ರೆಕಾರ್ಡು ನಿನಗೆ ಕೇಳಿಸಿದ್ದೆ. ಮೂರನೆಯದು ಮುಗಿಯುವ ಹೊತ್ತಿಗೆ ನೀನು ಕೇಳಿದೆ: "ಊದುವುದು ಭಾರೀ ಚಂದ ಉಂಟು ಮಾರಾಯ, ಆದರೆ ಇದರಲ್ಲಿ ಹಾಡೆಲ್ಲಿ ಉಂಟು?" ಅಷ್ಟರಲ್ಲಿ ಕರೆಂಟು ಹೋಯಿತು, ಮಕ್ಕಳು ಎದ್ದರು, ಮಾತು ಎಲ್ಲೆಲ್ಲಿಗೋ ಹೋಯಿತು. ಉತ್ತರ ಬಾಕಿ ಉಳಿಯಿತು. ನೀನು ಬಸ್ಸು ಹತ್ತಿದ ಮೇಲೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇವತ್ತು ತಾರೀಕು ನೋಡಿದಾಗ ಬರೆದೇ ಬಿಡಬೇಕು ಅನ್ನಿಸಿತು.

ನಿನ್ನಿಂದ ಆ ಪ್ರಶ್ನೆ ಕೇಳಿಸಿದ ರೆಕಾರ್ಡು ಹುಟ್ಟಿದ್ದು ಇದೇ ದಿನ. 1939ರ ಅಕ್ಟೋಬರ್ 11ರಂದು ನ್ಯೂಯಾರ್ಕಿನಲ್ಲಿ ಕೋಲ್ಮನ್ ಹಾಕಿನ್ಸ್ ಎಂಬ ಜಾಝ್ ವಾದಕ 'ಬಾಡಿ ಆ್ಯಂಡ್ ಸೋಲ್' ಹಾಡನ್ನು ಟೆನರ್ ಸ್ಯಾಕ್ಸೋಫೋನಿನಲ್ಲಿ ನುಡಿಸಿದ. ಸರಿಯಾಗಿ 80 ವರ್ಷದ ಮೇಲೆ, 2019ರ ಅಕ್ಟೋಬರ್ 11ರಂದು, ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ ನಿಮ್ಮ ಕದ್ರಿ ಗೋಪಾಲನಾಥರು ಮಂಗಳೂರಿನಲ್ಲಿ ತೀರಿಕೊಂಡರು. ಇದಕ್ಕೆ ಅರ್ಥ ಹಚ್ಚಲು ನಾನು ಹೋಗುವುದಿಲ್ಲ. ಆದರೆ ಪ್ರತಿ ವರ್ಷ ಈ ದಿನ ಇಬ್ಬರನ್ನೂ ಒಂದಾದ ಮೇಲೊಂದು ಕೇಳುತ್ತೇನೆ. ಗೋಪಾಲನಾಥರು ಹುಡುಗನಾಗಿದ್ದಾಗ ಈ ವಾದ್ಯಕ್ಕೆ ಮನಸೋತದ್ದು ಇಲ್ಲೇ, ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. ಅರಮನೆಯ ಮುಂದೆ ಹಾದುಹೋಗುವಾಗೆಲ್ಲ ನನಗದು ನೆನಪಾಗುತ್ತದೆ.

ಮೊದಲು ಹಾಡಿನ ಸಂಗತಿ ಹೇಳುತ್ತೇನೆ. 1930ರಲ್ಲಿ ಜಾನಿ ಗ್ರೀನ್ ಎಂಬ ಇಪ್ಪತ್ತೊಂದು ವರ್ಷದ ಹುಡುಗ ಗರ್ಟ್ರೂಡ್ ಲಾರೆನ್ಸ್ ಎಂಬ ಇಂಗ್ಲಿಷ್ ನಟಿಗಾಗಿ ಕಟ್ಟಿದ ರಾಗ ಇದು. ತನ್ನನ್ನು ಕಣ್ಣೆತ್ತಿಯೂ ನೋಡದವನಿಗೆ ಮೈಯನ್ನೂ ಮನಸ್ಸನ್ನೂ ಒಪ್ಪಿಸಿಬಿಟ್ಟವಳ ಅಳಲು. ಅದೇ ವರ್ಷ ಬ್ರಾಡ್‌ವೇ ರಂಗಕ್ಕೆ ಬಂತು, ಅದೇ ವರ್ಷ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿ, ಟ್ರಂಪೆಟ್ ಊದಿ ರೆಕಾರ್ಡು ಮಾಡಿದ. ಒಟ್ಟು 32 ಆವರ್ತದ ಹಾಡು, ಒಂದು ಆವರ್ತ ಎಂದರೆ ನಾಲ್ಕು ಎಣಿಕೆ. ಎಂಟು ಆವರ್ತದ ಪಲ್ಲವಿ ಎರಡು ಸಲ, ಆಮೇಲೆ ಎಂಟು ಆವರ್ತದ ಬೇರೊಂದು ಭಾಗ, ಮತ್ತೆ ಪಲ್ಲವಿ. ಆ ಕಾಲದ ನೂರಾರು ಹಾಡುಗಳಿಗೆ ಇದೇ ಮೈಕಟ್ಟು.

ಇದರ ಚಮತ್ಕಾರ ಇರುವುದು ನಡುವಿನ ಭಾಗದಲ್ಲಿ. ನಿನಗೆ ಯಕ್ಷಗಾನದ ಶ್ರುತಿಯ ಲೆಕ್ಕದಲ್ಲೇ ಹೇಳುತ್ತೇನೆ. ಪಲ್ಲವಿ ಇರುವುದು ಕಪ್ಪು ಒಂದರಲ್ಲಿ, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ. ನಡುವಿನ ಭಾಗ ಬಂತೋ, ಆಧಾರದ ಷಡ್ಜವೇ ಬಿಳಿ ಎರಡಕ್ಕೆ ಏರುತ್ತದೆ. ನಾಲ್ಕು ಆವರ್ತ ಅಲ್ಲಿದ್ದು ಬಿಳಿ ಒಂದಕ್ಕೆ ಇಳಿಯುತ್ತದೆ. ಅಲ್ಲಿಂದ ಮೆಲ್ಲಗೆ ಮತ್ತೆ ಕಪ್ಪು ಒಂದಕ್ಕೆ, ಮನೆಗೆ. ಭಾಗವತರು ಪದ್ಯದ ನಡುವೆ ಶ್ರುತಿಪೆಟ್ಟಿಗೆಯನ್ನೇ ಬದಲಿಸಿದರೆ ಹೇಗಿದ್ದೀತು, ಯೋಚಿಸು! ನಮ್ಮಲ್ಲಿ ಶ್ರುತಿ ಎಂದರೆ ನೆಲ. ಇಲ್ಲಿ ಕಾಲಡಿಯ ನೆಲ ಜಾರುತ್ತದೆ, ಜಾರಿದ್ದೇ ಗೊತ್ತಾಗದಷ್ಟು ನಯವಾಗಿ. ಅಷ್ಟೇ ಅಲ್ಲ, ಪಲ್ಲವಿಯಲ್ಲೂ ಎರಡೆರಡು ಎಣಿಕೆಗೊಮ್ಮೆ ಪಿಯಾನೋದವನ ಕೈಯಲ್ಲಿ ಒಟ್ಟಿಗೇ ಒತ್ತುವ ಸ್ವರಗಳ ಗೊಂಚಲು ಬದಲಾಗುತ್ತಲೇ ಇರುತ್ತದೆ. ಗಟ್ಟಿಗರಿಗೆ ಈ ಹಾಡಿನ ಮೇಲೆ ಮೋಹ ಹುಟ್ಟಿದ್ದೇ ಇದರಿಂದ.

ಈಗ ಹಾಕಿನ್ಸ್. ಮಿಸೌರಿಯಲ್ಲಿ ಹುಟ್ಟಿದವನು. ಹತ್ತು ವರ್ಷ ಫ್ಲೆಚರ್ ಹೆಂಡರ್ಸನ್‌ನ ಬ್ಯಾಂಡಿನಲ್ಲಿ ಊದಿ, 1934ರಲ್ಲಿ ಯುರೋಪಿಗೆ ಹೋದ. ಐದು ವರ್ಷ ಅಲ್ಲೇ ಇದ್ದ. 1939ರ ಬೇಸಿಗೆಯಲ್ಲಿ, ಯುದ್ಧ ಶುರುವಾಗುವ ತುಸು ಮೊದಲು, ನ್ಯೂಯಾರ್ಕಿಗೆ ಮರಳಿದಾಗ ಅಲ್ಲಿ ಹೊಸ ಹುಡುಗರು ಬೆಳೆದು ನಿಂತಿದ್ದರು. ಅವನ ಕಾಲ ಮುಗಿಯಿತೆಂದುಕೊಂಡವರಿಗೆ ಅವನು ಕೊಟ್ಟ ಉತ್ತರ ಈ ಮೂರು ನಿಮಿಷ. ಮೂರೇ ನಿಮಿಷ ಏಕೆಂದರೆ ಆಗಿನ ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಅಷ್ಟೇ.

ಇವತ್ತು ಬೆಳಗ್ಗೆ ಮತ್ತೆ ಕೇಳಿದೆ. ಪಿಯಾನೋದಲ್ಲಿ ಪುಟ್ಟದೊಂದು ಪೀಠಿಕೆ. ಹಾಕಿನ್ಸ್ ಒಳಗೆ ಬರುತ್ತಾನೆ. ಮೊದಲ ಸಾಲಿನಲ್ಲಿ ಹಾಡಿನ ನೆರಳು ಕಾಣುತ್ತದೆ: ಗುರುತು ಹಿಡಿಯುವವರು ಹಿಡಿಯಲಿ ಎಂಬಷ್ಟು. ಆಮೇಲೆ ಹೊರಟೇಬಿಟ್ಟ. ಆ 32 ಆವರ್ತವನ್ನು ಎರಡು ಸುತ್ತು ಊದುತ್ತಾನೆ, 64 ಆವರ್ತದಲ್ಲಿ ಎಲ್ಲೂ ಹಿಂದಿರುಗಿ ಬಂದು ಹಾಡನ್ನು ಪೂರ್ತಿ ಹೇಳುವುದಿಲ್ಲ. ಆದರೆ ಪಿಯಾನೋದವನ ಒಂದೊಂದು ಗೊಂಚಲು ಬದಲಾಗುವಾಗಲೂ ಆ ಗೊಂಚಲಿನ ಸ್ವರಗಳನ್ನೇ ಬಿಡಿಸಿ ಪೋಣಿಸುತ್ತ ಹೋಗುತ್ತಾನೆ. ಒಂದನ್ನೂ ತಪ್ಪಿಸುವುದಿಲ್ಲ. ಮೊದಲ ಸುತ್ತಿನಲ್ಲಿ ಕಿವಿಯ ಹತ್ತಿರ ಬಂದು ಮಾತಾಡಿದಂತೆ. ವಾದ್ಯದ ಬಾಯಲ್ಲಿರುವ ತೆಳ್ಳನೆಯ ರೀಡಿನ ಮೇಲೆ ಉಸಿರು ಸವರುವುದು ಕೇಳಿಸುತ್ತದೆ, ನೀನೂ ಊದುವವನು, ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತಾಗಬೇಕು. ಎರಡನೆಯ ಸುತ್ತಿನಲ್ಲಿ ದನಿ ದಪ್ಪವಾಗುತ್ತದೆ, ಹಿಂದಿನಿಂದ ಬ್ಯಾಂಡಿನವರು ಮೆತ್ತಗೆ ಆಸರೆ ಕೊಡುತ್ತಾರೆ, ಕೊನೆಯ ಪಲ್ಲವಿಯಲ್ಲಿ ಅವನು ಮೇಲುಸ್ವರಕ್ಕೆ ಏರಿ ಅಲ್ಲಿ ಒಮ್ಮೆ ಕೂಗುತ್ತಾನೆ. ಆ ಕೂಗು ಬರುವಾಗ ನೀನು ಮೊಣಕಾಲ ಮೇಲೆ ಬೆರಳಾಡಿಸುವುದನ್ನು ನಿಲ್ಲಿಸಿ ತಲೆ ಎತ್ತಿ ನೋಡಿದ್ದೆ. ನಾನು ಗಮನಿಸಿದ್ದೆ.

ಹಾಡೆಲ್ಲಿ ಅಂದೆಯಲ್ಲ, ಹಾಡು ಕೇಳುವವರ ತಲೆಯಲ್ಲಿತ್ತು ಸದಾಶಿವ. ಒಂಬತ್ತು ವರ್ಷದಿಂದ ಎಲ್ಲರೂ ಅದನ್ನು ಕೇಳಿ ಕೇಳಿ ಬಾಯಿಪಾಠವಾಗಿತ್ತು. ಅದನ್ನವನು ನಂಬಿದ. ನೀವು ಹಾಡನ್ನು ಹಿಡಿದುಕೊಂಡಿರಿ, ನಾನು ಅದರ ಸುತ್ತ ಒಂದು ಸುತ್ತು ಹೋಗಿ ಬರುತ್ತೇನೆ ಎಂದ ಹಾಗೆ. ಜನ ಕೈಬಿಡಲಿಲ್ಲ. ಹಾಡಿನ ರಾಗವೇ ಸರಿಯಾಗಿ ಇಲ್ಲದ ಆ ತಟ್ಟೆಯನ್ನು ಮುಗಿಬಿದ್ದು ಕೊಂಡರು. ಮುಂದೆ ಎಡ್ಡಿ ಜೆಫರ್ಸನ್ ಎಂಬ ಗಾಯಕ ಹಾಕಿನ್ಸ್ ಊದಿದ ಒಂದೊಂದು ಸ್ವರಕ್ಕೂ ಮಾತು ಕಟ್ಟಿ ಹಾಡಿದ. 1979ರಲ್ಲಿ 'ಮ್ಯಾನ್‌ಹಟನ್ ಟ್ರಾನ್ಸ್‌ಫರ್' ತಂಡದವರೂ ಅದನ್ನೇ ಹಾಡಿದರು. ಆ ಹೊತ್ತಿಗೆ ಹೊಳೆದಂತೆ ಊದಿದ್ದೇ ಹಾಡಾಗಿ ನಿಂತಿತು.

ಹಾಕಿನ್ಸ್‌ಗಿಂತ ಹಿಂದಿನದು ಬೆನ್ನಿ ಗುಡ್‌ಮನ್‌ನ ಮೂವರ ತಂಡದ್ದು, 1935ರ ಜುಲೈನದು. ಕ್ಲಾರಿನೆಟ್, ಪಿಯಾನೋ, ಡ್ರಮ್ಸ್ ಅಷ್ಟೇ, ತಗ್ಗುದನಿಯ ದೊಡ್ಡ ತಂತಿವಾದ್ಯ ಬೇಸ್ ಇಲ್ಲ. ಅದರಲ್ಲಿ ಹಾಡು ಒರೆಸಿಟ್ಟ ಹಿತ್ತಾಳೆಯ ದೀಪದ ಹಾಗೆ ಸ್ವಚ್ಛ. ಪಿಯಾನೋ ನುಡಿಸಿದ ಟೆಡ್ಡಿ ವಿಲ್ಸನ್ ಕಪ್ಪು ಜನಾಂಗದವನು, ಉಳಿದಿಬ್ಬರು ಬಿಳಿಯರು. ಬಿಳಿಯರೂ ಕರಿಯರೂ ಒಂದೇ ವೇದಿಕೆಯಲ್ಲಿ ಕೂತು ನುಡಿಸುವುದನ್ನು ಆ ದೇಶ ಸಹಿಸದ ಕಾಲ ಅದು. ಮುಂದಿನ ವರ್ಷ ಷಿಕಾಗೋದಲ್ಲಿ ಮೂವರೂ ಜನರೆದುರು ಕೂತು ನುಡಿಸಿದರು. ಅದನ್ನು ಕೇಳುವಾಗ ವಿಲ್ಸನ್‌ನ ಎಡಗೈಯನ್ನು ಗಮನಿಸು, ಇಲ್ಲದ ಬೇಸನ್ನು ಅದು ತುಂಬಿಕೊಡುತ್ತದೆ.

ಬಿಲಿ ಹಾಲಿಡೇ ಹಾಡಿದ್ದು 1940ರ ಫೆಬ್ರವರಿ 29ರಂದು. ಅವಳು ಊದುವವಳಲ್ಲ, ಹಾಡುವವಳು. ಮಾತನ್ನು ಬಿಡುವ ಹಾಗಿಲ್ಲ. ಆದರೆ ತಾಳವನ್ನು ಏನು ಮಾಡುತ್ತಾಳೆ ನೋಡು. ಪ್ರತಿ ಮಾತೂ ಪೆಟ್ಟಿಗಿಂತ ಒಂದು ಕೂದಲೆಳೆ ಹಿಂದೆ. ತಾಳ ಶುರುವಾದ ಮೇಲೆ ಹಾಡು ಎತ್ತುವುದನ್ನು ನೀವು ಅನಾಗತ ಎನ್ನುತ್ತೀರಲ್ಲ, ಅದಲ್ಲ ಇದು. ಅನಾಗತಕ್ಕೆ ಲೆಕ್ಕವಿದೆ. ಇವಳದು ಹೇಳಲೋ ಬೇಡವೋ ಎಂದು ಬಾಗಿಲ ಬಳಿ ನಿಂತವಳ ತಡವರಿಕೆ. ನನ್ನ ಕೇಳಿದರೆ ಈ ಹಾಡಿನ ಮಾತುಗಳು ತುಸು ಅಳುಬುರುಕ. ಅವಳ ಬಾಯಲ್ಲಿ ಮಾತ್ರ ಅವು ನಿಜವಾಗುತ್ತವೆ.

ಅದೇ ವರ್ಷ ಅಕ್ಟೋಬರಿನಲ್ಲಿ ಡ್ಯೂಕ್ ಎಲಿಂಗ್ಟನ್ ಪಿಯಾನೋದ ಮುಂದೆ ಕೂತು, ಜಿಮ್ಮಿ ಬ್ಲಾಂಟನ್ ಎಂಬ ಹುಡುಗನ ಬೇಸಿಗೆ ಹಾಡನ್ನು ಒಪ್ಪಿಸಿದ. ಬೇಸ್ ಎಂದರೆ ಹಿಂದೆ ನಿಂತು ತಾಳ ಹೊರುವ ವಾದ್ಯ ಎಂದೇ ಎಲ್ಲರೂ ತಿಳಿದಿದ್ದಾಗ ಅವನು ಕಮಾನು ಎಳೆದು ಹಾಡಿಸಿದ. 1942ರ ಜುಲೈನಲ್ಲಿ ಕ್ಷಯ ಅವನನ್ನು ಒಯ್ದಿತು, ಇಪ್ಪತ್ತಮೂರೇ ವರ್ಷ. ಆ ಎರಡು ವರ್ಷದಲ್ಲಿ ಅವನು ಮಾಡಿದ ಕೆಲಸದಿಂದ ಬೇಸ್ ವಾದ್ಯದವರ ಬದುಕೇ ಬದಲಾಯಿತು. ಈ ರೆಕಾರ್ಡನ್ನು ನಾನು ಹೆಚ್ಚು ಸಲ ಕೇಳಲಾರೆ.

1960ರದ್ದು ನಿನಗೆ ಹಿಡಿಸಿತು, ಸ್ಯಾಕ್ಸೋಫೋನಿನ ಜಾನ್ ಕೋಲ್ಟ್ರೇನ್‌ನದು. ಹಿಡಿಸಿದ್ದು ಯಾಕೆಂದು ನನಗೆ ಗೊತ್ತು. ಬೇಸಿನವನು ಒಂದೇ ಸ್ವರ ಹಿಡಿದು ನಿಲ್ಲುತ್ತಾನೆ, ಪಿಯಾನೋದವನು ಒಂದೇ ತುಣುಕನ್ನು ಮತ್ತೆ ಮತ್ತೆ ಹೇಳುತ್ತಾನೆ, ನಿನ್ನ ಕಿವಿಗೆ ಶ್ರುತಿ ಸಿಕ್ಕಿತು. ಕೋಲ್ಟ್ರೇನ್ ಮುಂದೆ ನಮ್ಮ ಸಂಗೀತದ ಹಿಂದೆ ಬಿದ್ದವನೇ. ಮಗನಿಗೆ ರವಿಶಂಕರರ ಹೆಸರನ್ನೇ ಇಟ್ಟ. ಇನ್ನೊಂದು, 2011ರ ಮಾರ್ಚಿನಲ್ಲಿ ಲಂಡನ್ನಿನ ಅಬ್ಬಿ ರೋಡ್ ಸ್ಟುಡಿಯೋದಲ್ಲಿ 84ರ ಟೋನಿ ಬೆನೆಟ್ ಜೊತೆ 27ರ ಏಮಿ ವೈನ್‌ಹೌಸ್ ಹಾಡಿದ್ದು. ಹುಡುಗಿ ಹೆದರಿದ್ದಳು, ಮುದುಕ ಸಮಾಧಾನ ಹೇಳಿ ಹಾಡಿಸಿದ. ಜುಲೈನಲ್ಲಿ ಅವಳು ಹೋದಳು. ಸ್ಟುಡಿಯೋದಲ್ಲಿ ಅವಳು ಹಾಡಿದ ಕೊನೆಯ ಹಾಡು ಇದೇ ಆಯಿತು.

ಇಷ್ಟೆಲ್ಲ ಬರೆದದ್ದು ಯಾಕೆಂದರೆ, ಆ ರಾತ್ರಿ ನೀನು ಹೇಳಿದ ಇನ್ನೊಂದು ಮಾತು ನನಗೆ ಚುಚ್ಚಿದೆ. ಯಾವುದೋ ಮದುವೆಮನೆಯಲ್ಲಿ ನೀನು ಒಂದು ದೇವರನಾಮದ ಪಲ್ಲವಿಯನ್ನು ಸ್ವಲ್ಪ ಬೆಳೆಸುತ್ತಿದ್ದಾಗ ಮನೆಯವರೊಬ್ಬರು ಬಂದು, "ಹಾಡು ಇದ್ದ ಹಾಗೇ ಊದಿ, ಎಳೀಬೇಡಿ" ಎಂದರಂತೆ. ಅಂದಿನಿಂದ ಇದ್ದ ಹಾಗೇ ಊದುತ್ತಿದ್ದೇನೆ, ಯಾರಿಗೂ ತಕರಾರಿಲ್ಲ ಎಂದೆ. ಹೇಳುವಾಗ ನಿನ್ನ ಮುಖ ನಾನು ನೋಡಿದೆ. ಜಾತ್ರೆಯಲ್ಲಿ ದೇವರ ಬಲಿ ಉತ್ಸವ ಸುತ್ತು ಬರುವಾಗ ನೀನು ಕಲ್ಯಾಣಿ ರಾಗ ಊದುತ್ತಿದ್ದದ್ದು, ಡೋಲಿನವನು ನಿನ್ನ ಮುಖವನ್ನೇ ನೋಡುತ್ತ ಕೈ ತಗ್ಗಿಸುತ್ತಿದ್ದದ್ದು ನನ್ನ ಕಣ್ಣಲ್ಲಿ ಇನ್ನೂ ಇದೆ. ಅಲ್ಲಿ ಎಳೆಯಬೇಡ ಎಂದವರು ಯಾರೂ ಇರಲಿಲ್ಲ. ಕದ್ರಿಯವರು ಈ ಪರದೇಶಿ ಕೊಳವೆಯಲ್ಲಿ ಗಮಕ ತರಲು ಹೊರಟಾಗ ಅದು ಆಗುಹೋಗುವ ಮಾತಲ್ಲ ಎಂದವರಿಗೇನು ಕಡಿಮೆಯೇ? ಮುಂದೆ ಅಮೆರಿಕದಲ್ಲಿ ಬೆಳೆದ ನಮ್ಮ ಕರ್ನಾಟಕ ಮೂಲದ ರುದ್ರೇಶ್ ಮಹಾಂತಪ್ಪ, ಸ್ವತಃ ದೊಡ್ಡ ಜಾಝ್ ಸ್ಯಾಕ್ಸೋಫೋನ್ ವಾದಕ, ಅವರನ್ನು ಹುಡುಕಿಕೊಂಡು ಬಂದ. 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಎಂಬ ಆಲ್ಬಂ ಮಾಡಿದರು. ಕೇಳಿಲ್ಲವಾದರೆ ಕೇಳು.

ಮಕ್ಕಳಿಗೆ ದೀಪಾವಳಿ ರಜೆ ಸಿಕ್ಕಿದ ಕೂಡಲೇ ನಾವೇ ಪುತ್ತೂರಿಗೆ ಬರುತ್ತೇವೆ. ವಾದ್ಯದ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿಟ್ಟಿರು, ಒಳ್ಳೆಯ ರೀಡ್ ಒಂದಿರಲಿ. ಆ ದೇವರನಾಮವನ್ನೇ ತೆಗೆದುಕೊಳ್ಳೋಣ. ಕಪ್ಪು ಒಂದಾದರೆ ನನ್ನ ದನಿಗೂ ಆದೀತು. ನಾನು ಪಲ್ಲವಿಯನ್ನು ಹಾಗೇ ಗುನುಗುತ್ತ ಕೂರುತ್ತೇನೆ, ನೀನು ಹೊರಡು. ಎಷ್ಟು ಹೊತ್ತಾದರೂ ಸರಿ, ಹಾಡನ್ನು ನಾನು ಹಿಡಿದಿರುತ್ತೇನೆ.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಶ್ರೀನಿವಾಸ