ಕೋವಿಯ ಬೆಡ್ಡಿಂಗ್ ಕಿಟ್ಟಿನ ಹಳೆಯ ಸೂಚನಾ ಹಾಳೆಯನ್ನು ದಯವಿಟ್ಟು ಹರಿದುಹಾಕಿ

ಬದಿಯಡ್ಕ, ಕಾಸರಗೋಡು ಜಿಲ್ಲೆ

ಮಾನ್ಯ ಗ್ರಾಹಕರೇ,

ಪಾಯಿಂಟ್ ಟೂ ಟೂ ರಿಮ್‌ಫೈರ್ (ತೋಟೆಯ ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ) ಕೋವಿಯ ಮರಕ್ಕೆ ಮನೆಯಲ್ಲೇ ಬೆಡ್ಡಿಂಗ್ ಮಾಡಿಕೊಳ್ಳಲು, ಅಂದರೆ ಕಬ್ಬಿಣದ ಭಾಗ ಅಲುಗದೆ ಸರಿಯಾಗಿ ಕೂರುವಂತೆ ಮರದ ಒಳಭಾಗಕ್ಕೆ ಅಂಟು ತುಂಬಿಕೊಳ್ಳಲು, ನಾವು ಕೊಡುತ್ತಿದ್ದ ಕಿಟ್ಟನ್ನು ಬದಲಾಯಿಸಿದ್ದೇವೆ. ಅಂಟು ಬೇರೆ, ಸೂಚನಾ ಹಾಳೆಯೂ ಬೇರೆ. ಹಳೆಯ ಹಾಳೆಯಲ್ಲಿ ನಾವು ಬರೆದದ್ದು ತಪ್ಪಾಗಿತ್ತು.

ಅಂಟು ತುಂಬಿ, ಕೋವಿಯನ್ನು ಮರದೊಳಗೆ ಕೂರಿಸಿ, ಸ್ಕ್ರೂಗಳನ್ನು ಪೂರ್ತಿ ಬಿಗಿದು ಒಣಗಲು ಬಿಡಿ ಎಂದು ಅದರಲ್ಲಿತ್ತು. ಮುಳ್ಳೇರಿಯ ಕಡೆಯ ಗ್ರಾಹಕರೊಬ್ಬರು ಅಕ್ಷರಶಃ ಹಾಗೆಯೇ ಮಾಡಿದರು. ಮೊದಲು ಐವತ್ತು ಮೀಟರಿನಲ್ಲಿ ಹತ್ತು ರೂಪಾಯಿ ನಾಣ್ಯ ಮುಚ್ಚುವಷ್ಟರೊಳಗೆ ಬೀಳುತ್ತಿದ್ದ ಐದು ಈಡು ಬೆಡ್ಡಿಂಗ್ ಆದ ಮೇಲೆ ಅಂಗೈಯಗಲ ಹರಡಿತು. ಅವರು ಮರವನ್ನಷ್ಟೇ ಬಿಚ್ಚಿ ತಂದು ನಮ್ಮ ಮುಂದಿಟ್ಟರು. ಜಗಳವಾಡಲಿಲ್ಲ. ನೋಡಿ ನಮಗೆ ತುಂಬ ಬೇಸರವಾಯಿತು.

ಆದದ್ದು ಇಷ್ಟು. ಕೆತ್ತಿದ ಮರದ ಒಳಭಾಗ ಎಂದೂ ಪೂರ್ತಿ ಸಮತಟ್ಟಾಗಿರುವುದಿಲ್ಲ. ಅದರ ಮೇಲೆ ಕೋವಿಯನ್ನು ಇಟ್ಟು ಸ್ಕ್ರೂ ಬಿಗಿದರೆ ಕಬ್ಬಿಣವೇ ಕೂದಲೆಳೆಯಷ್ಟು ಬಾಗುತ್ತದೆ. ಅಂಟು ಆ ಬಾಗನ್ನೇ ಹಿಡಿದು ಗಟ್ಟಿಯಾಗುತ್ತದೆ. ಮರಕ್ಕೂ ಕಬ್ಬಿಣಕ್ಕೂ ನಡುವಿನ ಒತ್ತಡ ತೆಗೆಯುವುದಕ್ಕೆಂದೇ ಮಾಡುವ ಕೆಲಸ ಅದೇ ಒತ್ತಡವನ್ನು ಶಾಶ್ವತವಾಗಿ ಒಳಗೆ ಕೂರಿಸಿಬಿಡುತ್ತದೆ. ಈ ಗುಂಡಿನ ತೂಕ ಎರಡೂವರೆ ಗ್ರಾಮಿನ ಆಸುಪಾಸು, ವೇಗ ಶಬ್ದದ ವೇಗದ ಹತ್ತಿರ. ಐವತ್ತು ಮೀಟರಿನ ಸ್ಪರ್ಧೆಯ ಗುರಿಹಾಳೆಯಲ್ಲಿ ಹತ್ತು ಅಂಕದ ವೃತ್ತದ ಅಗಲ ಬರೀ 10.4 ಮಿಲಿಮೀಟರ್. ಒಂದೊಂದು ಈಡಿಗೂ ಕೋವಿ ಮರದೊಳಗೆ ಬೇರೆ ಬೇರೆ ರೀತಿಯಲ್ಲಿ ಕೂತರೆ ಅಷ್ಟು ಸಣ್ಣ ಜಾಗದಲ್ಲಿ ಅದು ತಕ್ಷಣ ಕಾಣುತ್ತದೆ.

ಹೊಸ ಹಾಳೆಯ ಪ್ರಕಾರ ಒಣಗುವಾಗ ಸ್ಕ್ರೂ ಬಿಗಿಯುವಂತಿಲ್ಲ. ಅವು ಜಾಗ ತೋರಿಸಲಷ್ಟೇ ಇರಲಿ. ನಳಿಗೆಗೆ ಮುಂದುಗಡೆ ಇನ್ಸುಲೇಷನ್ ಟೇಪ್ ಸುತ್ತಿ ಅದು ಮರದ ಕಾಲುವೆಯ ನಟ್ಟನಡುವೆ ನಿಲ್ಲುವಂತೆ ಮಾಡಿ, ಹೊರಗಿನಿಂದ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರೆ ಸಾಕು. ಸ್ಕ್ರೂ ಹೋಗುವ ತೂತುಗಳಿಗೆ ಅಲ್ಯೂಮಿನಿಯಂ ಕೊಳವೆಗಳನ್ನು ಮುಂಚೆಯೇ ಕೂರಿಸಬೇಕು. ಹಾಗೆ ಮಾಡಿದರೆ ಆಮೇಲೆ ಸ್ಕ್ರೂ ಬಿಗಿಯುವಾಗ ಮರ ಅದುಮಿಹೋಗುವುದಿಲ್ಲ. ಐದು ನಿಮಿಷದ ಎಪಾಕ್ಸಿಯನ್ನು ಕೈಬಿಟ್ಟಿದ್ದೇವೆ. ನಮ್ಮ ಏಪ್ರಿಲ್ ಸೆಕೆಗೆ ಅದು ಕಲಸುತ್ತಿರುವಾಗಲೇ ಬಿಸಿಯಾಗಿ ಗಟ್ಟಿಯಾಗುತ್ತದೆ, ಸರಿಯಾಗಿ ಕೂರಿಸಲು ಪುರುಸೊತ್ತೇ ಸಿಗುವುದಿಲ್ಲ. ಈಗ ಕೊಡುತ್ತಿರುವುದು ದಪ್ಪಗಿನ, ನಿಧಾನಕ್ಕೆ ಒಣಗುವ ಅಂಟು. ಇಪ್ಪತ್ತನಾಲ್ಕು ಗಂಟೆ ಮುಟ್ಟಬೇಡಿ.

ಮೇಣದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಅಂಟು ಹಿಡಿಯದಂತೆ ಕಬ್ಬಿಣದ ಮೇಲೆ, ಸ್ಕ್ರೂಗಳ ಎಳೆಗಳ ಮೇಲೂ, ಎರಡು ಸಲ ಹಚ್ಚಿ. ಟ್ರಿಗರಿನ ಜಾಗ ಮತ್ತು ಪ್ರತಿಯೊಂದು ತೂತು, ಸಂದುಗಳನ್ನು ಮಕ್ಕಳ ಕ್ಲೇಯಿಂದ ತುಂಬಿ. ಅಂಟು ಸಂದಿನೊಳಗೆ ಹರಿದು ಒಣಗಿದರೆ ಮರ ಒಡೆಯದೆ ಕೋವಿ ಹೊರಬರುವುದು ಕಷ್ಟ. ಕೆಲಸಕ್ಕೆ ಕೂರುವ ಮೊದಲು ಮ್ಯಾಗಜೀನ್ ತೆಗೆದು, ಬೋಲ್ಟ್ ಹೊರಗೆಳೆದು, ಒಳಗೆ ತೋಟೆ ಇಲ್ಲವೆಂದು ಕಣ್ಣಾರೆ ನೋಡಿ.

ಇನ್ನೊಂದು ಬದಲಾವಣೆ: ಜೂನ್ ತಿಂಗಳಿನಿಂದ ಹಿಂಗಾರು ಮಳೆ ಮುಗಿಯುವವರೆಗೆ ಕಿಟ್ ಕಳುಹಿಸುವುದಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ನಮ್ಮಲ್ಲಿ ಬಾಗಿಲುಗಳೇ ಉಬ್ಬಿ ಚೌಕಟ್ಟಿಗೆ ಕೂರುವುದಿಲ್ಲ, ಕೋವಿಯ ಮರ ಮಾತ್ರ ಹೇಗೆ ಸುಮ್ಮನಿದ್ದೀತು? ಒದ್ದೆ ಮರಕ್ಕೆ ಅಂಟು ಸರಿಯಾಗಿ ಹಿಡಿಯುವುದೂ ಇಲ್ಲ. ಬೇಸಗೆಯಲ್ಲಿ ಬೆಡ್ಡಿಂಗ್ ಮುಗಿಸಿದವರು ಉಳಿದ ಬರಿಯ ಮರಕ್ಕೆ, ನಳಿಗೆಯ ಕಾಲುವೆಗೆ ಸಹ, ವಾರ್ನಿಷ್ ಬಳಿದಿಡಿ.

ವ್ಯಾಪಾರಕ್ಕೆ ನಷ್ಟವಾದರೂ ಹೇಳಬೇಕು: ಎಲ್ಲರಿಗೂ ಈ ಕಿಟ್ ಬೇಕಾಗಿಲ್ಲ. ರಿಮ್‌ಫೈರ್ ಕೋವಿಗೆ ತೋಟೆಯ ರುಚಿ ಬಹಳ, ಒಂದಕ್ಕೆ ಒಗ್ಗುವ ತೋಟೆ ಇನ್ನೊಂದಕ್ಕೆ ಒಗ್ಗದಿರಬಹುದು. ಮೊದಲು ನಾಲ್ಕೈದು ಬಗೆಯ ತೋಟೆ ಹಾಕಿ ನೋಡಿ. ಆಮೇಲೆ ನಳಿಗೆ ಮತ್ತು ಮರ ಕೂಡುವ ಕಡೆ ಬೆರಳಿಟ್ಟು ಮುಂಭಾಗದ ಸ್ಕ್ರೂವನ್ನು ಮೆಲ್ಲಗೆ ಸಡಿಲಿಸಿ. ನಳಿಗೆ ಜಿಗಿದಂತೆ ಬೆರಳಿಗೆ ತಿಳಿದರೆ ಬೆಡ್ಡಿಂಗ್ ಬೇಕು. ಏನೂ ಅಲುಗದಿದ್ದರೆ ಹಣ ಉಳಿಸಿಕೊಳ್ಳಿ.

ಹಳೆಯ ಕಿಟ್ ಒಯ್ದವರಿಗೆ, ಬಳಸಿದ್ದರೂ ಬಳಸದಿದ್ದರೂ, ಹೊಸ ಅಂಟು ಮತ್ತು ಹಾಳೆಯನ್ನು ಹಣ ಪಡೆಯದೆ ಕೊಡುತ್ತೇವೆ. ತಪ್ಪಾಗಿ ಒಣಗಿದ ಅಂಟನ್ನು ಕೆತ್ತಿ ತೆಗೆಯುವ ಕೆಲಸವೂ ನಮ್ಮದೇ. ಮರವನ್ನಷ್ಟೇ ತನ್ನಿ. ಕೋವಿ ದುರಸ್ತಿಗೆ ಬೇರೆ ಪರವಾನಗಿ ಬೇಕು, ನಾವು ಮರಗೆಲಸದವರು. ಕಬ್ಬಿಣದ ಭಾಗವನ್ನು ಇಲ್ಲಿ ಮುಟ್ಟುವುದಿಲ್ಲ. ಭಾನುವಾರ ಬಿಟ್ಟು ಉಳಿದ ದಿನ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಇರುತ್ತೇವೆ.

ನಮ್ಮ ಹಾಳೆಯನ್ನು ನಂಬಿ ಕೆಲಸ ಕೆಡಿಸಿಕೊಂಡ ಎಲ್ಲರಲ್ಲೂ ಕ್ಷಮೆ ಕೇಳುತ್ತೇವೆ.

ಇತಿ ನಿಮ್ಮ ವಿಶ್ವಾಸಿಗಳು,
ಕಾರ್ಯಾಗಾರದ ಎಲ್ಲರ ಪರವಾಗಿ