ವಾಚು ಹತ್ತು ಅಂದಿತು, ಬೋರ್ಡು ಎಂಟು ಅಂದಿತು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಫಿಟ್‌ನೆಸ್ ವಾಚುಗಳ ಬಗ್ಗೆ ಅರ್ಧ ಪುಟ ಬಂದಿತ್ತು. ಐದು ವಾಚು, ಐದು ಬೆಲೆ, ಬೆಲ್ಟಿನ ಬಣ್ಣ, ಎಷ್ಟು ಸ್ಪೋರ್ಟ್ಸ್ ಮೋಡ್, ಫೋನ್ ಕರೆ ಬರುತ್ತದೋ ಇಲ್ಲವೋ, ಎಲ್ಲ ಇತ್ತು. ಒಂದು ಕಿಲೋಮೀಟರ್ ಓಡಿದರೆ ಒಂದು ಕಿಲೋಮೀಟರ್ ಅಂತಲೇ ತೋರಿಸುತ್ತದಾ ಅನ್ನುವುದು ಮಾತ್ರ ಇರಲಿಲ್ಲ. ನಾನು ದಾವಣಗೆರೆಯ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವವಳು. ವಯಸ್ಸು 49. ಲೆಕ್ಕ ತಾಳೆಯಾಗದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಅದಕ್ಕೇ ಈ ಪತ್ರ. ಉದ್ದವಾಗಿದೆ, ಗೊತ್ತು. ಕತ್ತರಿ ಹಾಕುವುದಾದರೆ ನನ್ನ ಪುರಾಣಕ್ಕೆ ಹಾಕಿ, ವಾಚಿನ ಭಾಗ ಉಳಿಸಿ.

ನನ್ನ ಓಟ ಶುರುವಾದದ್ದು ಮೂರು ವರ್ಷದ ಹಿಂದೆ, ಶಾಲೆಯ ಕ್ರೀಡಾಕೂಟದಲ್ಲಿ. ಶಿಕ್ಷಕಿಯರಿಗೂ 100 ಮೀಟರ್ ಓಟ ಇಟ್ಟಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. 60 ಮೀಟರಿಗೇ ಏದುಸಿರು ಬಂದು ನಿಂತುಬಿಟ್ಟೆ. "ಮೇಡಂ, ಇನ್ನು ಶೇಕಡಾ 40 ಬಾಕಿ!" ಅಂತ ಎಂಟನೇ ಕ್ಲಾಸಿನ ಹುಡುಗರು ಕೂಗಿದರು. ಶೇಕಡಾ ಲೆಕ್ಕ ಕಲಿಸಿದವಳು ನಾನೇ, ಬೈಯುವ ಹಾಗೂ ಇಲ್ಲ.

ಮಾರನೇ ದಿನ ನಮ್ಮ ಪಿಟಿ ಮೇಷ್ಟ್ರ ಹತ್ತಿರ ಹೋಗಿ ಯಾವ ವಾಚು ತಗೊಳ್ಳಲಿ ಅಂತ ಕೇಳಿದೆ. ಅವರು ನಕ್ಕರು. "ವಾಚು ಗೀಚು ಆಮೇಲೆ ಮೇಡಂ. ಮಾತಾಡಿಕೊಂಡು ಓಡೋದು ಕಲೀರಿ. ಮಾತು ತುಂಡಾಯ್ತು ಅಂದ್ರೆ ಸ್ಪೀಡ್ ಜಾಸ್ತಿ ಆಯ್ತು ಅಂತ ಅರ್ಥ" ಅಂದರು. ಒಬ್ಬಳೇ ಓಡುವವಳು ಯಾರ ಜತೆ ಮಾತಾಡಲಿ? ಮಗ್ಗಿ ಹೇಳಿಕೊಂಡೆ. ಹದಿಮೂರೊಂದ್ಲಿ ಹದಿಮೂರು, ಹದಿಮೂರೆರಡ್ಲಿ ಇಪ್ಪತ್ತಾರು. ಹತ್ತರವರೆಗೂ ಒಂದೇ ಸಮ ಬಂದರೆ ವೇಗ ಸರಿ ಇದೆ. ಆರು, ಏಳಕ್ಕೆ ಉಸಿರು ಕಟ್ಟಿದರೆ ಕಾಲು ನಿಧಾನ ಮಾಡಬೇಕು. ಕುಂದವಾಡ ಕೆರೆ ಏರಿಯ ಮೇಲೆ ವಾಕಿಂಗ್ ಬರುವ ಹಿರಿಯರೊಬ್ಬರು "ಯಾವ ಸ್ತೋತ್ರ ತಾಯಿ ಅದು?" ಅಂತ ಕೇಳಿದ್ದೂ ಉಂಟು.

ಹೀಗೆ ಐದು ತಿಂಗಳು ಓಡಿದ ಮೇಲೆ ಆಸೆ ತಡೆಯಲಿಲ್ಲ. ಆನ್‌ಲೈನ್‌ನಲ್ಲಿ 1,799 ರೂಪಾಯಿಯ ವಾಚು ತರಿಸಿದೆ. ಪೆಟ್ಟಿಗೆಯ ಮೇಲೆ "120 ಸ್ಪೋರ್ಟ್ಸ್ ಮೋಡ್" ಅಂತ ದಪ್ಪಕ್ಷರ. ಗಾಳಿಪಟ ಹಾರಿಸುವುದಕ್ಕೂ ಒಂದು ಮೋಡ್ ಇತ್ತು! ಕೆಳಗೆ "ಜಿಪಿಎಸ್" ಅಂತ ಇನ್ನೊಂದು ದಪ್ಪಕ್ಷರ. ಅದರ ಹಿಂದೆ ಇರುವೆಯಷ್ಟು ಸಣ್ಣಕ್ಕೆ "ಕನೆಕ್ಟೆಡ್" ಅಂತ ಇತ್ತು. ಕನ್ನಡಕ ಹಾಕಿಕೊಂಡಿರಲಿಲ್ಲ, ಕಾಣಲಿಲ್ಲ. ಕಂಡಿದ್ದರೂ ಅರ್ಥವಾಗುತ್ತಿರಲಿಲ್ಲ ಬಿಡಿ. ಆ ಪದದ ಅರ್ಥ ಇಷ್ಟೇ: ವಾಚಿನೊಳಗೆ ಜಿಪಿಎಸ್, ಅಂದರೆ ಉಪಗ್ರಹದ ಸಹಾಯದಿಂದ ನಾವಿರುವ ಜಾಗ ಗುರುತಿಸುವ ಸಾಧನ, ಇಲ್ಲ. ಜೇಬಿನಲ್ಲಿ ಫೋನ್ ಇದ್ದರೆ ಅದರ ಜಿಪಿಎಸ್ ಸಾಲ ತೆಗೆದುಕೊಳ್ಳುತ್ತದೆ. ನಾನೋ ಫೋನ್ ಮನೆಯಲ್ಲೇ ಬಿಟ್ಟು ಹೋಗುವವಳು. ಚೂಡಿದಾರಕ್ಕೆ ಜೇಬು ಎಲ್ಲಿಂದ ಬರಬೇಕು?

ವಾಚು ಕಟ್ಟಿದ ವಾರದಲ್ಲೇ ನಾನು ದೊಡ್ಡ ಓಟಗಾರ್ತಿ ಆಗಿಬಿಟ್ಟೆ. ಎರಡು ತಿಂಗಳು ಕಳೆಯುವಷ್ಟರಲ್ಲಿ 70 ನಿಮಿಷಕ್ಕೆ 10 ಕಿಲೋಮೀಟರ್! ಆ ಧೈರ್ಯದ ಮೇಲೆ ಬೆಂಗಳೂರಿನ ವರ್ಲ್ಡ್ 10ಕೆ ಓಟಕ್ಕೆ ಹೆಸರು ಕೊಟ್ಟೆ. 2008ರಲ್ಲಿ ಶುರುವಾದ ಓಟ ಅದು, ದೇಶ ವಿದೇಶದ ಓಟಗಾರರು ಬರುತ್ತಾರೆ. ನಮ್ಮಂಥವರಿಗೂ ಹಿಂದೆ ಜಾಗ ಇರುತ್ತದೆ. ದಾರಿಯಲ್ಲಿ ಕಿಲೋಮೀಟರಿಗೊಂದು ಬೋರ್ಡು. 8ರ ಬೋರ್ಡು ದಾಟಿ ಸ್ವಲ್ಪ ಮುಂದೆ ಹೋಗಿದ್ದೆ ಅಷ್ಟೆ, ಮುಂಗೈ ಗುಂಯ್ ಅಂತು. ನೋಡಿದರೆ ಪರದೆ ತುಂಬ ಪಟಾಕಿ. 10 ಕಿಲೋಮೀಟರ್ ಮುಗಿಯಿತಂತೆ, ಅಭಿನಂದನೆಯಂತೆ. ಮುಂದೆ ಕಣ್ಣು ಹಾಯಿಸಿದರೆ ಜನ ಓಡುತ್ತಲೇ ಇದ್ದಾರೆ.

ಆಗ ತಿಳಿಯಿತು. ಅಷ್ಟು ದಿನ 10 ಅಂದುಕೊಂಡು ನಾನು ಓಡಿದ್ದು 8 ಚಿಲ್ಲರೆ. ಅದರಾಚೆಗೆ ನನ್ನ ಕಾಲು ಯಾವತ್ತೂ ಹೋಗಿರಲೇ ಇಲ್ಲ. ಮೀನಖಂಡ ಹಿಡಿದುಕೊಂಡಿತು. ನಡೆದೆ, ಕುಂಟಿದೆ, ಮತ್ತೆ ನಡೆದೆ. 1 ಗಂಟೆ 29 ನಿಮಿಷಕ್ಕೆ ಮುಗಿಸಿದೆ. ಮೆಡಲು ಕೊಟ್ಟರು. ಬಸ್ಸಿನಲ್ಲಿ ದಾವಣಗೆರೆ ಬರುವವರೆಗೂ ಆ ಪಟಾಕಿಯದೇ ಯೋಚನೆ.

ಮುಂದಿನ ಭಾನುವಾರ ಪಿಟಿ ಮೇಷ್ಟ್ರನ್ನು ಕರೆದುಕೊಂಡು ಕ್ರೀಡಾಂಗಣಕ್ಕೆ ಹೋದೆ. 400 ಮೀಟರ್ ಟ್ರ್ಯಾಕ್ ಅನ್ನುವುದು ಒಳಗಿನ ಮೊದಲ ಲೇನಿಗೆ ಮಾತ್ರ ನಿಜ. ಎಂಟನೇ ಲೇನಿನಲ್ಲಿ ಒಂದು ಸುತ್ತು ಹಾಕಿದರೆ ಹತ್ತಿರ ಹತ್ತಿರ 453 ಮೀಟರ್ ಆಗುತ್ತದೆ. ಮೊದಲ ಲೇನಿನಲ್ಲೇ 10 ಸುತ್ತು ಓಡಿದೆ. ಮೇಷ್ಟ್ರು ಹಳೇ ಸ್ಟಾಪ್‌ವಾಚ್ ಹಿಡಿದು ನಿಂತರು. ಸುತ್ತಿಗೆ ಸರಾಸರಿ 3 ನಿಮಿಷ 20 ಸೆಕೆಂಡು. ದೂರ 4 ಕಿಲೋಮೀಟರ್. ವಾಚು ತೋರಿಸಿದ್ದು 4.9.

ಮನೆಗೆ ಬಂದು ಲೆಕ್ಕ ಹಾಕಿದೆ. ವಾಚಿನ ಪ್ರಕಾರ ನಾನು ಇಟ್ಟದ್ದು ಸುಮಾರು 5,800 ಹೆಜ್ಜೆ. 4,000 ಮೀಟರನ್ನು ಅದರಿಂದ ಭಾಗಿಸಿದರೆ ನನ್ನ ಒಂದು ಹೆಜ್ಜೆ 69 ಸೆಂಟಿಮೀಟರ್. ವಾಚು ಅಂದುಕೊಂಡಿದ್ದು 84 ಸೆಂಟಿಮೀಟರ್. ಶುರುವಿನಲ್ಲಿ ಎತ್ತರ ಎಷ್ಟು ಅಂತ ಕೇಳಿತ್ತಲ್ವಾ, ಅದರ ಮೇಲೆ ಹೆಜ್ಜೆಯನ್ನು ಊಹಿಸಿಕೊಂಡು, ಕೈ ಬೀಸಿದಾಗಲೆಲ್ಲ ಗುಣಿಸುತ್ತಾ ಹೋಗಿದೆ. ನಾನು ಪುಟ್ಟ ಪುಟ್ಟ ಹೆಜ್ಜೆ ಹಾಕುವವಳು ಅಂತ ಅದಕ್ಕೇನು ಗೊತ್ತು. ನೂರಕ್ಕೆ ಇಪ್ಪತ್ತೆರಡೂವರೆ ತಪ್ಪು. ಕಿರಾಣಿ ಅಂಗಡಿಯ ತಕ್ಕಡಿ ಹೀಗೆ ತೂಗಿದರೆ ಸುಮ್ನೆ ಬಿಡುತ್ತೇವಾ?

ಮೇಷ್ಟ್ರಿಗೆ ನಮ್ಮ ದೇಶದ ಓಟಗಾರ ಶಿವನಾಥ್ ಸಿಂಗ್ ಅಂದರೆ ದೇವರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ 11ನೆಯವರಾಗಿ ಬಂದವರು. 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದರು. ಬರಿಗಾಲಲ್ಲಿ ಓಡುವುದಕ್ಕೇ ಹೆಸರಾದವರು. ಅದನ್ನೂ ಲೆಕ್ಕ ಹಾಕಿ ನೋಡಿದೆ. ಇದೇ ಟ್ರ್ಯಾಕ್‌ನಲ್ಲಿ ಆದರೆ ಸುತ್ತಿಗೆ 75 ಸೆಕೆಂಡು, ಅಂಥ ನೂರೈದೂವರೆ ಸುತ್ತು. ನಾನು ಒಂದು ಸುತ್ತು ಮುಗಿಸುವುದರೊಳಗೆ ಅವರು ಎರಡೂವರೆ ಸುತ್ತಿಗಿಂತ ಹೆಚ್ಚು ಮುಗಿಸಿರುತ್ತಿದ್ದರು.

ದೂರದ ಕಥೆ ಹೀಗಾಯಿತು. ಎದೆಬಡಿತದ್ದು ಇನ್ನೊಂದು ಕಥೆ. ಒಂದು ಬೆಳಿಗ್ಗೆ ಆರಾಮಾಗಿ ಹದಿಮೂರರ ಮಗ್ಗಿ ಹೇಳಿಕೊಂಡು ಹೋಗುತ್ತಿದ್ದೆ. ವಾಚು 174 ತೋರಿಸಿ ಕೆಂಪಾಯಿತು. 220ರಲ್ಲಿ ವಯಸ್ಸು ಕಳೆದರೆ ಎದೆಬಡಿತದ ಗರಿಷ್ಠ ಮಿತಿ ಅನ್ನುತ್ತಾರೆ, ನನಗೆ 171. ಅದು ಬರೀ ಸರಾಸರಿ ಲೆಕ್ಕ, ಒಬ್ಬರಿಂದ ಒಬ್ಬರಿಗೆ ಹತ್ತು ಹನ್ನೆರಡು ಆಚೀಚೆ ಆಗುತ್ತದೆ. ಆದರೂ ಗರಿಷ್ಠ ಮಿತಿ ದಾಟಿದವಳು ಮಗ್ಗಿ ಹೇಳಲು ಸಾಧ್ಯವೇ? ನಿಂತು ಕುತ್ತಿಗೆಯ ನಾಡಿ ಹಿಡಿದೆ. 15 ಸೆಕೆಂಡಿಗೆ 34, ಅಂದರೆ ನಿಮಿಷಕ್ಕೆ 136. ಮತ್ತೆ ಓಡುತ್ತಾ ಹೆಜ್ಜೆ ಎಣಿಸಿದೆ. ಅರ್ಧ ನಿಮಿಷಕ್ಕೆ 87. ಎರಡರಿಂದ ಗುಣಿಸಿ ನೋಡಿ. 174! ವಾಚು ಎಣಿಸುತ್ತಿದ್ದದ್ದು ನನ್ನ ಎದೆಯನ್ನಲ್ಲ, ಕಾಲನ್ನು.

ಕಾರಣ ಬಳೆ. ವಾಚಿನ ಹೊಟ್ಟೆಯಲ್ಲಿ ಹಸಿರು ಲೈಟು ಮಿಣುಕುತ್ತದೆ, ನೋಡಿರುತ್ತೀರಿ. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಒಂದೊಂದು ಬಡಿತಕ್ಕೂ ಚರ್ಮದಡಿ ರಕ್ತ ಹೆಚ್ಚು ಕಡಿಮೆ ಆದ ಹಾಗೆ ವಾಪಸ್ ಬರುವ ಬೆಳಕೂ ಬದಲಾಗುತ್ತದೆ, ಅದನ್ನೇ ವಾಚು ಎಣಿಸುವುದು. ನಾನು ಬಳೆಗೆ ಜಾಗ ಬಿಟ್ಟು ಬೆಲ್ಟು ಸಡಿಲ ಕಟ್ಟಿದ್ದೆ. ವಾಚು ಹೆಜ್ಜೆ ಹೆಜ್ಜೆಗೂ ಕುಣಿದು ಆ ಕುಣಿತವನ್ನೇ ನಾಡಿ ಅಂತ ತಿಳಿದುಕೊಂಡಿತು. ಈಗ ಬಳೆಯಿಂದ ಎರಡು ಬೆರಳು ಮೇಲೆ, ಬಿಗಿಯಾಗಿ ಕಟ್ಟುತ್ತೇನೆ. ಎಷ್ಟೋ ವಾಸಿ. ಎದೆಗೆ ಕಟ್ಟುವ ಪಟ್ಟಿ ಇದಕ್ಕಿಂತ ನಿಖರ, ಅದು ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ. ಬಳೆ ತೊಟ್ಟ ಕೈಗೆ ವಾಚು ಕಟ್ಟಿ ನೋಡಿದ ವಿಮರ್ಶೆಯನ್ನು ನಾನು ಇನ್ನೂ ಎಲ್ಲೂ ಓದಿಲ್ಲ.

ಇನ್ನು ಹುರುಪಿನ ವಿಚಾರ. ವಾಚು ಕಟ್ಟಿದರೆ ತಾನಾಗೇ ಹುರುಪು ಬರುತ್ತದೆ ಅಂತ ನಿಮ್ಮ ಲೇಖನದಲ್ಲಿತ್ತು. ಬಂತು, ಸುಳ್ಳಲ್ಲ. ದಿನಕ್ಕೆ 10,000 ಹೆಜ್ಜೆ, ಸಾಲಾಗಿ 43 ದಿನ, ಒಂದೂ ತಪ್ಪಿಸಿರಲಿಲ್ಲ. ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆ ತಿದ್ದಿ ಮುಗಿಸಿ, ರಾತ್ರಿ ಹತ್ತೂವರೆಗೆ ಅಡುಗೆಮನೆಯಿಂದ ಪಡಸಾಲೆಗೆ ತಿರುಗಿ ತಿರುಗಿ ಹೆಜ್ಜೆ ತುಂಬಿಸಿದ್ದೇನೆ. ಮನೆಯವರು ಏನೋ ಕಳೆದುಕೊಂಡು ಹುಡುಕುತ್ತಿದ್ದಾಳೆ ಅಂದುಕೊಂಡಿದ್ದರು. ಆಮೇಲೆ ದುಗ್ಗಮ್ಮನ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆ ತುಂಬ ನೆಂಟರು. 44ನೇ ದಿನ ತಪ್ಪಿತು. ಮರುದಿನ ವಾಚು ಸೊನ್ನೆ ತೋರಿಸಿತು. ಆ ಸೊನ್ನೆ ನೋಡಿದ ಮೇಲೆ ಮೂರು ವಾರ ನಾನು ಶೂ ಮುಟ್ಟಲಿಲ್ಲ.

ಆ 10,000 ಎಲ್ಲಿಂದ ಬಂತು ಅಂತ ಆಮೇಲೆ ಹುಡುಕಿದೆ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಾಧನ ಮಾರಿತು. ಅದರ ಹೆಸರೇ "ಮಾನ್ಪೊ-ಕೇ", ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಸರಕಿಗೆ ಇಟ್ಟ ಹೆಸರು ನನ್ನ ಮನೆಯಲ್ಲಿ ಕಾನೂನಾಗಿ ಕೂತಿತ್ತು.

ನನ್ನನ್ನು ಮತ್ತೆ ಹೊರಗೆ ಎಳೆದದ್ದು ಎದುರು ಮನೆಯ ಅಕ್ಕ. ಅವರು ಓಡುವವರಲ್ಲ. ನಾಯಿ ಓಡಿಸಲು ಕೈಯಲ್ಲೊಂದು ಕೋಲು ಹಿಡಿದು ಬೆಳಗಿನ ಐದೂಕಾಲಿಗೆ ನಡೆಯುವವರು. ನಾನು ಜತೆಗಿದ್ದರೆ ಅವರಿಗೆ ಧೈರ್ಯ, ಕೋಲು ಇದ್ದರೆ ನನಗೆ ಧೈರ್ಯ. ಒಂದು ದಿನ ಗೇಟಿನ ಹತ್ತಿರ ನಿಂತು "ಬರ್ತೀಯೋ, ಇಲ್ಲಾ ನಾನೂ ಹೋಗಿ ಮಲಗ್ಲೋ?" ಅಂದರು. ಅಷ್ಟೇ. ಅವತ್ತಿನಿಂದ ವಾರಕ್ಕೆ ನಾಲ್ಕು ದಿನ ಓಟ. ಲೆಕ್ಕ ಇಡುವುದು ಅಡುಗೆಮನೆ ಕ್ಯಾಲೆಂಡರಿನಲ್ಲಿ. ಹಾಲಿನ ಪ್ಯಾಕೆಟ್ ಲೆಕ್ಕದ ಪಕ್ಕದಲ್ಲೇ ಕಿಲೋಮೀಟರ್ ಲೆಕ್ಕ. ಖಾಲಿ ಚೌಕ ಇದ್ದರೆ ಇರಲಿ, ಕ್ಯಾಲೆಂಡರ್ ಯಾರನ್ನೂ ಸೊನ್ನೆಗೆ ತಂದು ನಿಲ್ಲಿಸುವುದಿಲ್ಲ.

ಹಾಗಂತ ವಾಚು ಬಿಟ್ಟಿಲ್ಲ. ಅಕ್ಕನ ಮಗ ಹೊಸದು ಕೊಂಡು ತನ್ನ ಹಳೆಯದನ್ನು ಕೊಟ್ಟ. ಕಂಪನಿ ಹೆಸರು ಬರೆಯುವುದಿಲ್ಲ, ನಿಮ್ಮ ಜಾಹೀರಾತು ವಿಭಾಗಕ್ಕೆ ತೊಂದರೆ ಬೇಡ. ನೋಡಲು ಚೆನ್ನಾಗಿಲ್ಲ, ಪರದೆ ಮಂಕು. ಕರೆ ಬರುವುದಿಲ್ಲ, ಗಾಳಿಪಟವೂ ಇಲ್ಲ. ಆದರೆ ಜಿಪಿಎಸ್ ಒಳಗೇ ಇದೆ. ಬದಿಯಲ್ಲಿ ಒತ್ತುವ ಗುಂಡಿಗಳಿವೆ. ಬೆವರಿದ ಬೆರಳಿಗೆ ಟಚ್ ಕೆಲಸ ಮಾಡುವುದಿಲ್ಲ, ಗುಂಡಿಯ ಬೆಲೆ ಓಡುವವರಿಗೇ ಗೊತ್ತು. ಮಂಕು ಪರದೆ ಬಿಸಿಲಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ, ಚಾರ್ಜೂ ವಾರಗಟ್ಟಲೆ ಬರುತ್ತದೆ. ಅದೇ ಟ್ರ್ಯಾಕ್‌ನಲ್ಲಿ 10 ಸುತ್ತಿಗೆ 4.09 ತೋರಿಸಿತು. ಕ್ಷಣಕ್ಷಣಕ್ಕೂ ನಾವಿರುವ ಜಾಗಕ್ಕೆ ಚುಕ್ಕಿ ಇಟ್ಟು ಗೆರೆ ಎಳೆಯುವುದರಿಂದ ಚುಕ್ಕಿ ಕೆಲವು ಮೀಟರ್ ಆಚೀಚೆ ಆಗುತ್ತದೆ. ಮರದಡಿ, ಎತ್ತರದ ಕಟ್ಟಡಗಳ ನಡುವೆ ಇನ್ನೂ ಜಾಸ್ತಿ. ಅಷ್ಟನ್ನು ಮನ್ನಿಸಬಹುದು. ಹೊರಡುವ ಮುಂಚೆ ಬಯಲಲ್ಲಿ ಒಂದು ನಿಮಿಷ ನಿಂತು, ಉಪಗ್ರಹ ಸಿಕ್ಕಿತು ಅಂದ ಮೇಲೆ ಓಡಬೇಕು. ಅಕ್ಕ ಆ ನಿಮಿಷದಲ್ಲಿ ಸೆರಗು ಸರಿಮಾಡಿಕೊಳ್ಳುತ್ತಾರೆ.

ಈಗ ನನ್ನ ಬೇಡಿಕೆ. ಪೆಟ್ಟಿಗೆಯ ಮೇಲೆ ಎಂಆರ್‌ಪಿ ಇರಲೇಬೇಕು ಅಂತ ನಿಯಮ ಇದೆ. ಅದರ ಪಕ್ಕದಲ್ಲೇ, ಅಷ್ಟೇ ದಪ್ಪಕ್ಷರದಲ್ಲಿ, "ಜಿಪಿಎಸ್ ಒಳಗೆ ಇದೆ" ಅಥವಾ "ಇಲ್ಲ" ಅಂತ ಒಂದು ಸಾಲು ಬರಲಿ. ನಮ್ಮಲ್ಲಿ ಮಾರುವ ಸರಕಿಗೆ ಅದು ಕನ್ನಡದಲ್ಲಿರಲಿ. ಸರ್ಕಾರದ ಕಿವಿಗೆ ಇದನ್ನು ಹಾಕುವುದು ನನ್ನೊಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ, ಪತ್ರಿಕೆಯಿಂದ ಆಗುತ್ತದೆ.

ಇನ್ನೊಂದು ನಿಮ್ಮಿಂದಲೇ ಆಗುವಂಥದ್ದು. ಮುಂದಿನ ಸಲ ವಾಚುಗಳ ಬಗ್ಗೆ ಬರೆಯುವವರನ್ನು ಒಂದು ಭಾನುವಾರ ದಾವಣಗೆರೆಗೆ ಕಳಿಸಿ. ಐದೂ ವಾಚು ತರಲಿ, ಶೂ ಮರೆಯದಿರಲಿ. ಆರು ಗಂಟೆಗೆ ಕ್ರೀಡಾಂಗಣದ ಮೊದಲ ಲೇನಿನಲ್ಲಿ ನಾನು, ಮೇಷ್ಟ್ರು, ಸ್ಟಾಪ್‌ವಾಚ್ ಕಾಯುತ್ತಿರುತ್ತೇವೆ. ಅಕ್ಕನೂ ಕೋಲು ಹಿಡಿದು ಬರುತ್ತಾರೆ. 10 ಸುತ್ತು ಮುಗಿದ ಮೇಲೆ ಬೆಣ್ಣೆದೋಸೆ ನನ್ನ ಲೆಕ್ಕದಲ್ಲಿ.

ಇತಿ,
ಒಬ್ಬ ಗಣಿತ ಶಿಕ್ಷಕಿ, ದಾವಣಗೆರೆ